ಕಪಿಲ ಸರ್ ಅವರ ಬಂಗಾರದ ನೀರು

ಎಲ್ಲ ಗದ್ದಲಕ್ಕೂ ಕಾರಣ ಒಂದು ಬಾಟಲಿ. ಗಾಜಿನ ಬಾಟಲಿ, ಅದರ ತುಂಬ ದಾಳಿಂಬೆ ರಸದ ಬಣ್ಣದ ಕೆಂಪು ನೀರು. ಹಿಂದಿನ ಸಂಜೆ ಅದನ್ನು ಗಾಜಿಪುರದ ತನ್ನ ಎರಡು ಕೋಣೆಯ ಮನೆಗೆ ತಂದು, ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಕಪಿಲ ಓಣಿಗೆಲ್ಲ ಕೇಳುವ ಹಾಗೆ ಘೋಷಿಸಿದ್ದ:

"ಯಾರೂ ಮುಟ್ಟಬ್ಯಾಡ್ರಿ. ಇದರಾಗ ಖರೇ ಬಂಗಾರ ಅದ."

ಇದೊಂದು ಮಾತು ಹೇಳದೆ ಸುಮ್ಮನಿದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಗೊತ್ತಿರುವುದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಕಪಿಲನ ಜಾಯಮಾನವಲ್ಲ. ಗೊತ್ತಿಲ್ಲದ್ದನ್ನೂ ಅವನು ಇಟ್ಟುಕೊಳ್ಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಕಮಲಾಪುರದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಅವನು ಒಂಬತ್ತು ವರ್ಷದಿಂದ ಕೆಮಿಸ್ಟ್ರಿಯ ಅತಿಥಿ ಉಪನ್ಯಾಸಕ. ಒಂಬತ್ತು ವರ್ಷ ಉಳಿದುಕೊಂಡವನನ್ನು ಯಾವ ಮನೆಯಲ್ಲೂ ಅತಿಥಿ ಅನ್ನುವುದಿಲ್ಲ, ಕಾಲೇಜಿನಲ್ಲಿ ಮಾತ್ರ ಅನ್ನುತ್ತಾರೆ. ಪ್ರತಿ ಜೂನ್ ತಿಂಗಳು ಬಂದಾಗ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ಈ ವರ್ಷ ಕಾಲೇಜಿನವರು ನ್ಯಾನೊ ವಿಜ್ಞಾನದ ಹೊಸ ಕೋರ್ಸು ತೆರೆಯುವವರಿದ್ದರು. ಅದಕ್ಕೊಂದು ಕಾಯಂ ಹುದ್ದೆ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಪ್ರಾತ್ಯಕ್ಷಿಕೆಯ ಪಾಠ. ಅರ್ಜಿ ಹಾಕಿದವನು ಕಪಿಲ ಒಬ್ಬನೇ. ಆ ಹುದ್ದೆಯ ಕುರ್ಚಿ ತಾನೇ ಎದ್ದು ಬಂದು ಅರ್ಜಿ ಹಾಕಿದರೆ ಮಾತ್ರ ತನಗೆ ಪೈಪೋಟಿ ಎಂದು ಅವನು ಸ್ನೇಹಿತ ಅಮೀರನ ಮುಂದೆ ಹೇಳಿಕೊಂಡಿದ್ದ. ಯೂನಿವರ್ಸಿಟಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಆ ಅಮೀರನೇ ಚಿಟಿಕೆಯಷ್ಟು ಬಂಗಾರದ ಲವಣ ಹುಡುಕಿ, ಕುದಿಸಿ, ಈ ಕೆಂಪು ನೀರು ಮಾಡಲು ಸಹಾಯ ಮಾಡಿದ್ದು. ಮತ್ತೊಂದು ಬಾಟಲಿ ಮಾಡಲು ಅವನ ಹತ್ತಿರ ಇನ್ನು ಲವಣ ಇರಲಿಲ್ಲ.

ಒಂದೇ ಒಂದು ಸಣ್ಣ ತೊಡಕು. ಕಪಿಲ ಓದುವಾಗ ಈ ಪಾಠ ಇರಲಿಲ್ಲ. ಹಾಗಾಗಿ ಹನ್ನೊಂದು ದಿನದಿಂದ ಕಲಿಯುತ್ತಿದ್ದ. ಅವನ ಕಲಿಯುವ ಪದ್ಧತಿ ಎಂದರೆ ಕಲಿಸುವುದು. ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಾಠ ಶುರು ಮಾಡಿದರೆ ಹೆಂಡತಿ ಗೌತಮಿ ಉಳ್ಳಾಗಡ್ಡಿ ಹೆಚ್ಚುತ್ತ ಕೇಳಬೇಕು, ತಾಯಿ ಹಣಮಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೇಳಬೇಕು, ಗೋಡೆಯಾಚೆ ನಳದ ಕಟ್ಟೆಯಲ್ಲಿ ಕೊಡ ಇಟ್ಟುಕೊಂಡು ಕೂತ ಅಕ್ಬರಿ ಬೇಗಂ ಮತ್ತು ರಮಾಬಾಯಿ ಬೇಡವೆಂದರೂ ಕೇಳಬೇಕು.

"ಉಳ್ಳಾಗಡ್ಡಿ ಇಡೀದು ಇಟ್ರ ಕಣ್ಣಾಗ ನೀರು ಬರಂಗಿಲ್ಲ. ಸಣ್ಣಗ ಹೆಚ್ಚಿದಷ್ಟೂ ಮೈ ಹೆಚ್ಚಾಗ್ತದ, ಗಾಳಿಗೆ ತಗಲೋದು ಹೆಚ್ಚಾಗ್ತದ. ಒಂದು ವಸ್ತು ಮುಗಿದು ಇನ್ನೊಂದು ಶುರು ಆಗೋ ಅಂಚು, ಅದಕ್ಕ ಇಂಟರ್‌ಫೇಸ್ ಅಂತಾರ. ನ್ಯಾನೊ ಅಂದ್ರ ಎಲ್ಲಾ ಅಂಚಿನ ಆಟ!" ಎಂದು ಅವನು ಮೊದಲ ದಿನ ಹೇಳಿದ್ದ.

ಆಮೇಲೆ ಬಂದದ್ದು ಕಲಿಲದ, ಅಂದರೆ ಕೊಲಾಯ್ಡಿನ ಪಾಠ. "ಬಂಗಾರದ ಕಣಗಳು ನೀರಾಗ ತೇಲ್ತಿರ್ತಾವ. ಬಸ್ಸಿನ ಸೀಟಿನ ಮ್ಯಾಲ ಮೂಗು ಒರೆಸೋ ದಸ್ತಿ ಹಾಕಿ ಯಾರಿಗೂ ಕೂಡಗೊಡಂಗಿಲ್ಲ ನೋಡ್ರಿ, ಹಂಗ ಒಂದೊಂದು ಕಣಾನೂ ತನ್ನ ಸುತ್ತ ವಿದ್ಯುತ್ತಿನ ದಸ್ತಿ ಹಾಸಿರ್ತದ. ಅದಕ್ಕ ಒಂದಕ್ಕೊಂದು ಹತ್ರ ಬರಂಗಿಲ್ಲ, ನೀರು ಕೆಂಪ ಇರ್ತದ. ಉಪ್ಪು ಹಾಕ್ರಿ, ದಸ್ತಿ ಹಾರಿಹೋಗ್ತದ. ಎಲ್ಲಾ ಅಂಟಿಕೊಂಡು, ನೀರು ನೀಲಿ ಆಗಿ, ಬಂಗಾರ ತಳಕ್ಕ ಕೂಡ್ತದ!"

"ಉಪ್ಪು ಹಾಕಿದ್ರೂ ಕೂಡಬಾರದು ಅಂದ್ರ?" ಎಂದು ಗೌತಮಿ ಒಮ್ಮೆ ತಲೆ ಎತ್ತದೆ ಕೇಳಿದ್ದಳು.

"ಮೊದಲ ಅಂಟು ಹಾಕಿರಬೇಕು. ಅಂಟಿನ ಉಂಡಿಗೆ ಹಾಕ್ತೀವಲ್ಲ, ಅದ. ಅಂಟು ಕಣಕ್ಕ ಅಂಗಿ ತೊಡಿಸ್ತದ. ತಿಳೀತಿಲ್ಲೋ?"

"ಹೂಂ ರೀ."

ಪ್ರತಿ ಪಾಠದ ಕೊನೆಗೂ ಈ ಪ್ರಶ್ನೆ, ಈ ಉತ್ತರ. ಗೌತಮಿಯೂ ಕಪಿಲ ಓದಿದ ಯೂನಿವರ್ಸಿಟಿಯಲ್ಲೇ ಅದೇ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಈಗ ಮನೆಯಲ್ಲೇ ಓಣಿಯ ಪಿಯುಸಿ ಹುಡುಗಿಯರಿಗೆ ಟ್ಯೂಶನ್ ಹೇಳುತ್ತಿದ್ದಳು. ಒಂದು ಮನೆಗೆ ಒಬ್ಬ ವಿಜ್ಞಾನಿ ಸಾಕು ಎಂಬುದು ಕಪಿಲನ ಅಭಿಪ್ರಾಯ. ಗೌತಮಿಯ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಈಗ ಇವತ್ತಿನ ಬೆಳಿಗ್ಗೆಗೆ ಬರೋಣ. ಹಣಮಮ್ಮ ನಸುಕಿನಲ್ಲೇ ಎದ್ದು, ಬಾಣಂತಿ ಮಗಳಿಗೆಂದು ಕಟ್ಟಿದ ಅಂಟಿನ ಉಂಡಿಯ ಡಬ್ಬ ಹಿಡಿದು ಕೋಟನೂರಿಗೆ ಹೋಗಿದ್ದಳು. ಅವಳು ಫೋನ್ ಇಟ್ಟುಕೊಳ್ಳುವವಳಲ್ಲ. ಒಂಬತ್ತೂವರೆಗೆ ಗೌತಮಿಯ ದನಿ ಕೇಳಿಸಿತು.

"ಏನ್ರಿ, ನಿನ್ನೆ ತಲಿ ಎರಕೊಳ್ಳುವಾಗ ಬೆಂಡೋಲಿ ತೆಗೆದು ಕಿಡಕ್ಯಾಗ ಇಟ್ಟಿದ್ದೆ. ಎರಡೂ ಕಾಣವಲ್ವು!"

ಮದುವೆಯಲ್ಲಿ ತವರಿನವರು ಕಿವಿಗೆ ಹಾಕಿದ ಕೆಂಪು ಹರಳಿನ ಬೆಂಡೋಲೆ. ಕಪಿಲ ಕಿಟಕಿ ನೋಡಿದ, ಹಾಸಿಗೆ ಝಾಡಿಸಿದ, ಮೋರಿಯಲ್ಲಿ ಬಗ್ಗಿ ನೋಡಿದ. ಅಷ್ಟರಲ್ಲಿ ಗೋಡೆಯ ಮೇಲೆ ಎರಡು ತಲೆ ಕಾಣಿಸಿಕೊಂಡಿದ್ದವು.

"ನಿನ್ನೆ ಸಂಜೀಕ ಬಾಟಲಿ ಬಂತು. ಇವತ್ತ ಮುಂಜಾನಿ ಬೆಂಡೋಲಿ ಹೋತು," ಎಂದಳು ರಮಾಬಾಯಿ. ಅವಳು ಆರೋಪ ಮಾಡಲಿಲ್ಲ, ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟಳು ಅಷ್ಟೆ.

ಅಕ್ಬರಿ ಬೇಗಂ ನೇರವಾಗಿ ಕೇಳಿದಳು. "ಸಚ್ ಹೇಳು ಕಪಿಲ ಬೇಟಾ. ಬೆಂಡೋಲಿ ಬಾಟಲಿದಾಗ ಕರಗಿಸಿದಿ?"

"ಖಾಲಾ, ಬಂಗಾರ ನೀರಾಗ ಕರಗಂಗಿಲ್ರಿ!"

"ಅದರಾಗ ಬಂಗಾರ ಅದ ಅಂತ ನೀನೇ ಅಂದಿದ್ದಿ."

"ಅದ. ಆದ್ರ ಕರಗಿಲ್ಲ, ತೇಲಾಕತ್ತದ. ಕರಗೋದು ಬ್ಯಾರೆ, ತೇಲೋದು ಬ್ಯಾರೆ."

"ಸರಿ ಬಿಡು. ಹೆಂಡ್ತಿ ಬೆಂಡೋಲಿ ತೇಲಿಸಿದಿ."

ಗೌತಮಿ ನಡುವೆ ಬಂದು "ಇಲ್ರಿ ಖಾಲಾ, ಇವ್ರು ಹಂಗ ಮಾಡೋರಲ್ಲ" ಎಂದಳು. ಗಂಡನ ಪರವಾಗಿ ಮಾತಾಡುವ ಹೆಂಡತಿಯ ಮಾತನ್ನು ಓಣಿ ಯಾವಾಗಲೂ ಸಾಕ್ಷಿಯೆಂದೇ ಹಿಡಿಯುತ್ತದೆ, ಆದರೆ ಎದುರು ಪಕ್ಷದ ಸಾಕ್ಷಿಯೆಂದು. ಅಕ್ಬರಿ ಬೇಗಂ ಅವಳತ್ತ ಕನಿಕರದಿಂದ ನೋಡಿ ನಿಟ್ಟುಸಿರು ಬಿಟ್ಟಳು.

ಕಪಿಲನಿಗೆ ಇದನ್ನೆಲ್ಲ ವಾದಿಸಿ ಗೆಲ್ಲಲು ಹೊತ್ತಿರಲಿಲ್ಲ. ಸತ್ಯ ತನ್ನ ಕಡೆ ಇದೆ, ತಾನು ಇಲ್ಲದಿದ್ದರೂ ಅದು ಹೊರಗೆ ನಿಂತು ಕಾದಾಡುತ್ತದೆ ಎಂದು ನಂಬಿ ಸ್ನಾನಕ್ಕೆ ಹೋದ. ಮೈಗೆ ಸೋಪು ಹಚ್ಚಿಕೊಳ್ಳುವಾಗ ಹೊರಗಿನಿಂದ ಅಕ್ಬರಿ ಬೇಗಮ್ಮಳ ಉತ್ಸಾಹದ ದನಿ ಕೇಳಿಸಿತು.

"ಅರೆ, ಹನ್ನೊಂದು ದಿನದಿಂದ ಇವನೇ ಒದರ್ಯಾನಲ್ಲ! ಉಪ್ಪು ಹಾಕಿದ್ರ ಬಂಗಾರ ತಳಕ್ಕ ಕೂಡ್ತದ ಅಂತ. ಹಾಕಿ ನೋಡಿದ್ರ ಆತು. ತಳಕ್ಕ ಬಂದ್ರ ಹುಡುಗಿದು ಹುಡುಗಿಗೆ."

ಕಪಿಲನಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಪಾಠ ಎಷ್ಟು ಚೆನ್ನಾಗಿ ಮುಟ್ಟಿದೆ! ಮರುಕ್ಷಣವೇ ಉಪ್ಪು ಬೀಳುವುದು ತನ್ನ ಬಾಟಲಿಗೆ ಎಂಬುದು ಹೊಳೆಯಿತು. ಅರ್ಧ ಸೋಪು ಮೈಮೇಲೆ ಇರುವಂತೆಯೇ ಟವೆಲ್ಲು ಸುತ್ತಿಕೊಂಡು ಹೊರಗೆ ಹಾರಿದ.

ಅಂಗಳದಲ್ಲಿ ಅಕ್ಬರಿ ಬೇಗಂ ಬಾಟಲಿಯ ಬಿರಡೆ ತೆಗೆದು ಹಿಡಿದಿದ್ದಳು. ರಮಾಬಾಯಿ ಅವನದೇ ಅಡುಗೆಮನೆಯ ಉಪ್ಪಿನ ಡಬ್ಬಿಗೆ ಚಮಚ ಹಾಕಿದ್ದಳು. ಗೌತಮಿ ಅಡುಗೆಮನೆಯ ಹೊಸ್ತಿಲಲ್ಲಿ, ಒದ್ದೆ ಕೈಯಲ್ಲಿ ಒಂದು ವಾಟಿ ಹಿಡಿದು ನಿಂತಿದ್ದಳು. ಕಪಿಲ ಒಂದು ಕೈಯಿಂದ ಬಾಟಲಿ ಕಸಿದುಕೊಂಡ, ಇನ್ನೊಂದು ಕೈಯಿಂದ ಡಬ್ಬಿ ಕಸಿದುಕೊಂಡ. ಟವೆಲ್ಲು ಹಿಡಿದುಕೊಳ್ಳಲು ಮೂರನೆಯ ಕೈ ಇರಲಿಲ್ಲವಾದ್ದರಿಂದ ಮೊಣಕೈಯಿಂದ ಒತ್ತಿಕೊಂಡು ಒಳಗೆ ಓಡಿದ. ಎರಡೇ ನಿಮಿಷದಲ್ಲಿ ಪ್ಯಾಂಟು, ಗುಂಡಿ ತಪ್ಪಿದ ಅಂಗಿ ತೊಟ್ಟು, ಬಾಟಲಿ ಮತ್ತು ಡಬ್ಬಿ ಎರಡನ್ನೂ ಎದೆಗೆ ಅವಚಿಕೊಂಡು ಬೀದಿಗೆ ಬಿದ್ದ. ಡಬ್ಬಿ ಬಿಟ್ಟು ಹೋಗುವ ಧೈರ್ಯ ಅವನಿಗಾಗಲಿಲ್ಲ. ಹೇಗೂ ಕಾಲೇಜಿನ ಲ್ಯಾಬಿನ ಉಪ್ಪು ತೇವ ಹಿಡಿದು ಕಲ್ಲಾಗಿತ್ತು.

"ರೀ, ನಿಂದರ್ರಿ! ಬಾಟಲಿ ಒಳಗ ನಾನು..." ಗೌತಮಿ ಓಡಿ ಬಂದು ಕೂಗಿದಳು. ಅವಳ ಮುಂದಿನ ಮಾತನ್ನು ರಮಾಬಾಯಿಯ ಬೊಬ್ಬೆ ನುಂಗಿತು. ಕಪಿಲ ಆಟೋ ಹತ್ತಿದ್ದ.

ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಪಕ್ಕದಲ್ಲಿ ಇಮಾಮುದ್ದೀನ್ ಎಂಬ ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ. ಅವನು ಕಪಿಲನ ತೊಡೆಯ ಮೇಲಿನ ಸರಂಜಾಮನ್ನು ಮಹಾಗಾಂವ ಕ್ರಾಸ್ ಬರುವ ತನಕ ನೋಡಿ, ಕೊನೆಗೆ ತಡೆಯಲಾರದೆ ಕೇಳಿದ.

"ಶರಬತ್ತಾ ಸಾಹೇಬ್ರ?"

"ಬಂಗಾರ."

"ಆ ಡಬ್ಬಿದಾಗ?"

"ಉಪ್ಪು."

ಇಮಾಮುದ್ದೀನ್ ಎದ್ದು ಹೋಗಿ ಡ್ರೈವರನ ಹತ್ತಿರ ನಿಂತುಕೊಂಡ.

ಕಪಿಲನ ಫೋನ್ ಬಡಿದುಕೊಳ್ಳುತ್ತಿತ್ತು. ಗೌತಮಿ. ಮತ್ತೆ ಗೌತಮಿ. ಪಾಪ, ಬೆಂಡೋಲೆಯ ಸಂಕಟ ಎಂದುಕೊಂಡ. ಮದುವೆಯಾದಾಗಿನಿಂದ ಅವಳು ಏನನ್ನೂ ಬೇಡಿದವಳಲ್ಲ, ಇದ್ದ ಒಂದು ಜೊತೆಯೂ ಹೋಯಿತು. ಹುದ್ದೆ ಆದ ಮೊದಲ ತಿಂಗಳೇ ಅಂಥದೇ ಕೆಂಪು ಹರಳಿನ ಜೊತೆ ಕೊಡಿಸುತ್ತೇನೆ ಎಂದು ನಿಶ್ಚಯಿಸಿ, ಪಾಠದ ಧ್ಯಾನಕ್ಕೆ ಭಂಗ ಬಾರದಂತೆ ಫೋನನ್ನು ಬಂದ್ ಮಾಡಿದ.

ಲ್ಯಾಬಿನಲ್ಲಿ ನಲವತ್ತು ವಿದ್ಯಾರ್ಥಿಗಳು ಕೂತಿದ್ದರು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲ್ ಶೀಲಾ ಮೇಡಂ, ಅವರ ಪಕ್ಕ ಪರೀಕ್ಷಕರಾಗಿ ಬಂದ ನಿವೃತ್ತ ಪ್ರೊಫೆಸರ್ ಮಹಾದೇವ ಸರ್. ಕಪಿಲ ಭರ್ಜರಿಯಾಗಿಯೇ ಶುರು ಮಾಡಿದ. ಉಳ್ಳಾಗಡ್ಡಿಯ ಉದಾಹರಣೆಗೆ ಹುಡುಗರು ತಲೆದೂಗಿದರು. ಬಸ್ಸಿನ ದಸ್ತಿಗೆ ಮಹಾದೇವ ಸರ್ ಕೂಡ ನಕ್ಕರು. ಸ್ಟೇಶನ್ ಬಜಾರದಲ್ಲಿ ಕೊಂಡ ಆಟಿಕೆಯ ಲೇಸರ್ ಲೈಟನ್ನು ಸಾದಾ ನೀರಿಗೆ ಹಿಡಿದ, ಏನೂ ಕಾಣಲಿಲ್ಲ. ಕೆಂಪು ನೀರಿಗೆ ಹಿಡಿದ, ಬೆಳಕು ಈ ತುದಿಯಿಂದ ಆ ತುದಿಗೆ ದಾರ ಎಳೆದ ಹಾಗೆ ಮೂಡಿತು. ಕಣ್ಣಿಗೆ ಕಾಣದ ಕಣಗಳು ಬೆಳಕನ್ನು ಚೆದುರಿಸುವುದರಿಂದ ಹೀಗೆ ಎಂದು ವಿವರಿಸಿದ. ಚಪ್ಪಾಳೆ ಬಿತ್ತು. ಶೀಲಾ ಮೇಡಂ ತಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡದ್ದನ್ನು ಕಪಿಲ ಓರೆಗಣ್ಣಿನಲ್ಲಿ ನೋಡಿದ. ಕುರ್ಚಿ ಇನ್ನು ಎರಡು ಗೇಣು ದೂರದಲ್ಲಿತ್ತು.

"ಈಗ ನೋಡ್ರಿ," ಎಂದು ಬಾಟಲಿಯ ನೀರನ್ನು ದೊಡ್ಡ ಗಾಜಿನ ಬೀಕರಿಗೆ ಸುರಿದ. "ಒಂದ ಒಂದು ಚಮಚ ಉಪ್ಪು. ಕೆಂಪು ಹೋಗಿ ನೀಲಿ ಆಗ್ತದ. ಆಮ್ಯಾಲ ಬಂಗಾರ ತಳಕ್ಕ ಬರ್ತದ."

ಒಂದು ಚಮಚ ಹಾಕಿ ಕಲಕಿದ. ಕೆಂಪು ಕೆಂಪಾಗಿಯೇ ಉಳಿಯಿತು. ಎರಡನೆಯದು ಹಾಕಿದ. ಇನ್ನೂ ಕೆಂಪು. ಮಹಾದೇವ ಸರ್ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು.

"ಉಪ್ಪು ಕಮ್ಮಿ ಬಿದ್ದದ ಸರ್," ಎಂದ ಕಪಿಲ. ಅವನ ಆತ್ಮವಿಶ್ವಾಸಕ್ಕೆ ಚಮಚದ ಅಳತೆ ಸಾಲಲಿಲ್ಲ. ಇಡೀ ಡಬ್ಬಿಯನ್ನೇ ಎತ್ತಿ ಬೀಕರಿಗೆ ಬೋರಲು ಹಾಕಿದ.

ಟಿಣ್.

ಸ್ವಲ್ಪ ತಡೆದು ಇನ್ನೊಮ್ಮೆ, ಟಿಣ್.

ಉಪ್ಪಿನ ರಾಶಿ ನಿಧಾನವಾಗಿ ಕರಗುತ್ತ ಬಂದಂತೆ ಬೀಕರಿನ ತಳದಲ್ಲಿ ಒಂದು ಜೊತೆ ಬಂಗಾರದ ಬೆಂಡೋಲೆ, ಕೆಂಪು ಹರಳು ಮೇಲೆ ಮಾಡಿಕೊಂಡು, ಫಳಫಳ ಹೊಳೆಯತೊಡಗಿತು.

"ಸರ್, ಬಂಗಾರ ತಳಕ್ಕ ಬಂತು!" ಎಂದು ಮುಂದಿನ ಬೆಂಚಿನ ಹುಡುಗಿ ಕಿರುಚಿದಳು.

ಆಗ ಎದ್ದ ನಗೆ ಪಕ್ಕದ ಕಾಮರ್ಸ್ ವಿಭಾಗದವರನ್ನೂ ಬಾಗಿಲಿಗೆ ಕರೆತಂದಿತು. ಮಹಾದೇವ ಸರ್ ಮಾತ್ರ ನಗಲಿಲ್ಲ. ಬೀಕರಿನ ಸುತ್ತ ಒಂದು ಸುತ್ತು ಬಂದರು.

"ಕಪಿಲ ಅವರೇ, ಕಣಗಳು ಒಂದಕ್ಕೊಂದು ಕೂಡಿ ದಪ್ಪ ಆಗ್ತಾವ ಅಂತ ನಾನೂ ನಲವತ್ತು ವರ್ಷ ಕಲಿಸೀನಿ. ಹರಳು ಕೂಡಿಸಿಕೊಂಡು, ತಿರುಪು ಸಮೇತ ಬೀಳ್ತಾವ ಅಂತ ಎಲ್ಲೂ ಓದಿಲ್ಲ."

"ಸರ್, ಅದು... ಅದು ಮನಿ ವಿಷಯ ಸರ್."

"ಆಗಲಿ, ಬಿಡ್ರಿ. ಇಷ್ಟು ಉಪ್ಪು ಬಿದ್ದರೂ ನೀರು ನೀಲಿ ಯಾಕ ಆಗಲಿಲ್ಲ? ಅದು ವಿಜ್ಞಾನದ ವಿಷಯ."

ಕಪಿಲ ಖಾಲಿ ಡಬ್ಬಿಯ ತಳ ತಟ್ಟಿ ನೋಡಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಹತ್ತಿರ ಉತ್ತರ ಇರಲಿಲ್ಲ, ಉತ್ತರದಂತೆ ಕಾಣುವ ಮಾತೂ ಇರಲಿಲ್ಲ. ಹುದ್ದೆ ಕಣ್ಣೆದುರೇ ದೂರ ಸರಿಯುತ್ತಿತ್ತು.

"ಮೇ ಐ ಕಮ್ ಇನ್ ಸರ್?"

ಬಾಗಿಲಲ್ಲಿ ಗೌತಮಿ. ಕೂದಲೆಲ್ಲ ಗಾಳಿಗೆ ಕೆದರಿತ್ತು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಸಣ್ಣ ಬಾಟಲಿ. ಅವಳ ಹಿಂದೆ ನ್ಯಾಯ ಕೇಳಲು ಬಂದ ಅಕ್ಬರಿ ಬೇಗಂ. ಅವಳ ಹಿಂದೆ ಅವಳ ಗಂಡ ಶಬ್ಬೀರ್, ಬಸ್ಸು ಕಾಯುವಷ್ಟು ಹೊತ್ತಿಲ್ಲವೆಂದು ಗಾಜಿಪುರದಿಂದ ಕಮಲಾಪುರದ ತನಕ ತನ್ನ ಆಟೋ ಓಡಿಸಿಕೊಂಡು ಬಂದವನು.

ಅಕ್ಬರಿ ಬೇಗಮ್ಮಳ ಕಣ್ಣು ಮೊದಲು ಬಿದ್ದದ್ದು ಬೀಕರಿನ ತಳಕ್ಕೆ.

"ಯಾ ಅಲ್ಲಾ! ನಾ ಏನ್ ಹೇಳಿದ್ದೆ? ಉಪ್ಪು ಬಿದ್ದ ಕೂಡ್ಲೆ ಬಂದ್ವು ನೋಡು! ಎರಡೂ ಬಂದಾವ!"

ಗೌತಮಿ ಬೆಂಡೋಲೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಖಾಲಿ ಉಪ್ಪಿನ ಡಬ್ಬಿಯನ್ನು ನೋಡಿದಳು. ಆಮೇಲೆ ಮಹಾದೇವ ಸರ್ ಕಡೆ ತಿರುಗಿದಳು.

"ಸರ್, ಇವ್ರದು ತಪ್ಪಿಲ್ಲ. ಇವ್ರು ಸ್ನಾನಕ್ಕ ಹೋದ ಕೂಡ್ಲೆ ಓಣಿಯವರು ಬಾಟಲಿಗೆ ಉಪ್ಪು ಹಾಕಾಕ ನಿಂತ್ರು. ನಾ ಬ್ಯಾಡ ಅಂದ್ರ ಯಾರೂ ಕೇಳಲಿಲ್ಲ. ಅದಕ್ಕ ಮೊದಲ ಒಂದಿಷ್ಟು ನೀರು ಈ ಸಣ್ಣ ಬಾಟಲಿಗೆ ತೆಗೆದಿಟ್ಟೆ. ಉಳಿದದ್ದಕ್ಕ ಉಂಡಿಗೆ ತಂದ ಅಂಟು ಪುಡಿ ಮಾಡಿ, ಬಿಸಿನೀರಾಗ ಕಲಸಿ, ಸೋಸಿ, ಒಂದು ವಾಟಿ ಹಾಕಿಬಿಟ್ಟೆ. ಇವ್ರಿಗೆ ಹೇಳೋದ್ರಾಗ ಆಟೋ ಹತ್ತಿದ್ರು. ಹತ್ತು ಸಲ ಫೋನ್ ಮಾಡೀನಿ, ಬಂದ್ ಅದ."

"ಅಂಟು ಹಾಕಿದ್ರ ಏನಾತಮ್ಮ?" ಮಹಾದೇವ ಸರ್ ಕುರ್ಚಿ ಎಳೆದುಕೊಂಡು ಕೂತರು.

ಗೌತಮಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎರಡು ಗಾಜಿನ ನಳಿಕೆ ತೆಗೆದುಕೊಂಡಳು. ಒಂದರಲ್ಲಿ ಬೀಕರಿನ ನೀರು, ಇನ್ನೊಂದರಲ್ಲಿ ಸಣ್ಣ ಬಾಟಲಿಯ ನೀರು. ಎರಡೂ ಒಂದೇ ಕೆಂಪು. ಡಬ್ಬಿಯ ತಳ ಕೆರೆದು ಚಿಟಿಕೆ ಚಿಟಿಕೆ ಉಪ್ಪು ಹಾಕಿದಳು. ಮೊದಲನೆಯದು ಅಲುಗಾಡಲಿಲ್ಲ. ಎರಡನೆಯದು ನೋಡನೋಡುತ್ತಿದ್ದಂತೆ ನೇರಳೆಯಾಗಿ, ನೀಲಿಯಾಯಿತು. ಹಿಂದಿನ ಬೆಂಚಿನವರು ಎದ್ದು ನಿಂತರು. ಅವಳು ಉತ್ತರ ಹೇಳಲಿಲ್ಲ, ಟ್ಯೂಶನ್ನಿನ ರೂಢಿಯಂತೆ ಪ್ರಶ್ನೆ ಕೇಳಿದಳು. ಇದು ಯಾಕ ಹಿಂಗಾತು, ಅದು ಯಾಕ ಆಗಲಿಲ್ಲ, ನಡುವಿನ ಅಂಚಿನಾಗ ಏನು ಬದಲಾತು ಎಂದು ಒಬ್ಬೊಬ್ಬರನ್ನೇ ಎಬ್ಬಿಸಿದಳು. ಹದಿನೈದು ನಿಮಿಷದಲ್ಲಿ ಹುಡುಗರೇ ಪಾಠವನ್ನು ಹೇಳಿ ಮುಗಿಸಿದರು. ಬೆಂಡೋಲೆ ಕಂಡು ಕಿರುಚಿದ ಹುಡುಗಿಯೇ ಅಂಟಿನ ಅಂಗಿಯ ಕೆಲಸವನ್ನು ತಪ್ಪಿಲ್ಲದೆ ವಿವರಿಸಿದಳು. ಕಪಿಲನಿಗೆ ಮರ್ಯಾದೆ ಉಳಿಯಿತೆಂದು ಸಮಾಧಾನವಾಯಿತು. ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಶೀಲಾ ಮೇಡಂ ಕೇಳಿದರು, "ನೀವು ಏನು ಓದೀರಮ್ಮ?"

"ಎಂ.ಎಸ್ಸಿ. ಕೆಮಿಸ್ಟ್ರಿ ಮೇಡಂ. ಫಸ್ಟ್ ಕ್ಲಾಸ್."

ಮೇಡಂ ಮಹಾದೇವ ಸರ್ ಮುಖ ನೋಡಿದರು. ಮಹಾದೇವ ಸರ್ ಗೋಡೆಯ ಗಡಿಯಾರ ನೋಡಿದರು.

"ಅರ್ಜಿ ಹಾಕಾಕ ಇವತ್ತ ಸಂಜಿ ಐದರ ತನಕ ಟೈಮ್ ಅದ," ಎಂದರು. "ಕಪಿಲ ಅವರೇ, ನಿಮ್ಮ ಕಿಸೆದಾಗಿನ ಪೆನ್ನು ಒಂದಿಷ್ಟು ಕೊಡ್ರಿ."

ಕಪಿಲ ಪೆನ್ನು ಕೊಟ್ಟ. ಗೌತಮಿ ಹಿಂಜರಿದು ಅವನ ಕಡೆ ನೋಡಿದಳು. ಅವನು ಏನು ಹೇಳಬಲ್ಲ? ಎದೆಯಲ್ಲಿ ಚುಚ್ಚಿದ್ದು ನಿಜ. ಆದರೆ ಅವಳ ಮುಖದಲ್ಲಿ ಇಷ್ಟು ಬೆಳಕನ್ನು ಅವನು ಲಗ್ನದ ಫೋಟೋದಲ್ಲಿ ಬಿಟ್ಟರೆ ಎಲ್ಲೂ ಕಂಡಿರಲಿಲ್ಲ. "ಬರಿ, ಬರಿ," ಎಂದ. ಮೂರೂವರೆಗೆ ಅವಳ ಸಂದರ್ಶನ, ಐದಕ್ಕೆ ಆಯ್ಕೆಯ ಪತ್ರ. ಶೀಲಾ ಮೇಡಂ ಕಪಿಲನಿಗೂ ಧೈರ್ಯ ಹೇಳಿದರು: "ನೀವು ಚಿಂತಿ ಮಾಡಬ್ಯಾಡ್ರಿ. ಎಂದಿನಂಗ ಅತಿಥಿ ಆಗಿ ಬರ್ರಿ. ಜೂನ್‌ದಾಗ ನೋಡೋಣು."

ಶಬ್ಬೀರನ ಆಟೋದ ಹಿಂದಿನ ಸೀಟಿನಲ್ಲಿ ಬೆಂಡೋಲೆ ಹಾಕಿಕೊಂಡ ಗೌತಮಿ, ವಿಜಯದ ಅಕ್ಬರಿ ಬೇಗಂ. ಮುಂದೆ ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ ಕಪಿಲ, ತೊಡೆಯ ಮೇಲೆ ಖಾಲಿ ಡಬ್ಬಿ. ಮನೆಯ ಬಾಗಿಲಲ್ಲಿ ಕೋಟನೂರಿನಿಂದ ಬಂದ ಹಣಮಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನನ್ನ ಉಪ್ಪಿನ ಡಬ್ಬಿ ಯಾರು ಒಯ್ದೀರಿ? ಸೊಸಿ ಬೆಂಡೋಲಿ ಅದರ ತಳದಾಗ ಹುಗಿದಿಟ್ಟಿದ್ದೆ. ಈ ಮಗ ದಿನಾ ಬಂಗಾರ ಬಂಗಾರ ಅಂತಿದ್ದ, ಎಲ್ಲಿ ಬಾಟಲಿಗೆ ಹಾಕ್ತಾನೋ ಅಂತ ಹೆದರಿಕಿ ಆತು. ಅಡಗಿ ಮನ್ಯಾಗ ಇವ ಎಂದೂ ಕೈ ಹಾಕದ ಡಬ್ಬಿ ಅದೊಂದ!"

ಕಪಿಲ ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟ. ಬೇಳೆಗೆ ಉಪ್ಪಿಲ್ಲವೆಂದು ಅವಳು ಅವನನ್ನೇ ಗೋಡೆಯ ಹತ್ತಿರ ಅಟ್ಟಿದಳು.

"ಖಾಲಾ, ಒಂದು ವಾಟಿ ಉಪ್ಪು ಕೊಡ್ರಿ."

"ಉಪ್ಪಾ?" ಅಕ್ಬರಿ ಬೇಗಂ ತನ್ನ ಕಿವಿಯ ಲೋಲಕಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. "ಕೊಡ್ತೀನಿ. ಈಗ ಯಾರದು ತೇಲಿಸ್ತಿ, ಅದು ಹೇಳು ಮೊದಲ."

ಆ ಸಂಜೆಯೂ ಅಡುಗೆಮನೆಯ ಬಾಗಿಲಲ್ಲಿ ಪಾಠ ನಡೆಯಿತು. ನಾಳೆಯ ಮೊದಲ ತರಗತಿಗೆ ತಯಾರಿ. ಪುಸ್ತಕ ಗೌತಮಿಯ ಕೈಯಲ್ಲಿತ್ತು. ಈಳಿಗೆಯ ಮುಂದೆ ಕಪಿಲ ಕೂತಿದ್ದ. ಗೋಡೆಯಾಚೆ ಎರಡು ಕೊಡ ಸದ್ದಿಲ್ಲದೆ ಕೇಳುತ್ತಿದ್ದವು.

"ಅದಕ್ಕ, ಸಣ್ಣಗ ಹೆಚ್ಚಿದಷ್ಟೂ ಮೈ ಹೆಚ್ಚು. ನೀವು ಇನ್ನಾ ಸಣ್ಣಗ ಹೆಚ್ಚಬೇಕ್ರಿ," ಎಂದು ಅವಳು ಪುಸ್ತಕದಿಂದ ತಲೆ ಎತ್ತಿದಳು. "ತಿಳೀತಿಲ್ಲೋ?"

ಕಪಿಲ ಕಣ್ಣು ಒರೆಸಿಕೊಂಡು, ಉಳ್ಳಾಗಡ್ಡಿಯಿಂದ ತಲೆ ಎತ್ತದೆ ಹೇಳಿದ:

"ಹೂಂ ರೀ."